ಕೇಳಿದ ಪದ ನಮ್ಮದಾಗುವುದು ಯಾವಾಗ?

ಏಳನೇ ತರಗತಿಯ ಹುಡುಗನೊಬ್ಬ ಭಾನುವಾರ ರಾತ್ರಿ ಕೂತು ಹತ್ತು ಇಂಗ್ಲಿಷ್ ಪದಗಳನ್ನೂ ಅವುಗಳ ಅರ್ಥವನ್ನೂ ಬಾಯಿಪಾಠ ಮಾಡುತ್ತಾನೆ. ಒಂದೊಂದನ್ನೂ ಹತ್ತು ಸಲ ಬರೆಯುತ್ತಾನೆ, ಅಮ್ಮನ ಮುಂದೆ ನಿಂತು ಒಪ್ಪಿಸುತ್ತಾನೆ. ಸೋಮವಾರದ ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬರುತ್ತದೆ. ಅದರ ಮುಂದಿನ ಸೋಮವಾರ ಅವೇ ಪದಗಳನ್ನು ಕೇಳಿದರೆ ಮೂರನ್ನು ಹೇಳುವುದಕ್ಕೂ ತಡಕಾಡುತ್ತಾನೆ. ಇದೇ ಹುಡುಗ ಕ್ರಿಕೆಟ್ ನೋಡುವಾಗ ಒಂದೇ ಸಲಕ್ಕೆ ಹಿಡಿದ 'ರಿವರ್ಸ್ ಸ್ವಿಂಗ್' ಎಂಬ ಮಾತನ್ನು ವರ್ಷ ಕಳೆದರೂ ಮರೆತಿಲ್ಲ. ಅದೇನೆಂದು ತಂಗಿಗೆ ಬಿಡಿಸಿ ಹೇಳಬಲ್ಲ.

"ಆಟ ಅಂದ್ರೆ ಎಲ್ಲಾ ನೆನಪಿರುತ್ತೆ, ಪಾಠ ಅಂದ್ರೆ ಗಮನ ಇರಲ್ಲ" ಎಂಬುದು ಮನೆಯವರ ತೀರ್ಮಾನ. ಆದರೆ ಭಾನುವಾರ ರಾತ್ರಿ ಅವನ ಗಮನ ಪುಸ್ತಕದ ಮೇಲೇ ಇತ್ತು. ಹತ್ತಕ್ಕೆ ಒಂಬತ್ತು ಬಂದದ್ದೇ ಅದಕ್ಕೆ ಸಾಕ್ಷಿ. ಹಾಗಾದರೆ ಕಷ್ಟಪಟ್ಟು ಕಲಿತ ಪದ ಜಾರಿಹೋಗಿ, ಕಲಿಯಬೇಕೆಂದು ಹೊರಡದೆಯೇ ಸಿಕ್ಕ ಪದ ಉಳಿದದ್ದು ಏಕೆ? ಈ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರೂ ಮಿದುಳಿನ ವೈದ್ಯರೂ ನೂರಕ್ಕೂ ಹೆಚ್ಚು ವರ್ಷಗಳಿಂದ ತುಣುಕು ತುಣುಕಾಗಿ ಉತ್ತರ ಹುಡುಕುತ್ತ ಬಂದಿದ್ದಾರೆ. ತುಣುಕುಗಳನ್ನು ಜೋಡಿಸಿದರೆ ಪದವೊಂದು ಕಿವಿಯಿಂದ ಹೊರಟು ಮಾತಿನಲ್ಲಿ ಬೆರೆಯುವವರೆಗಿನ ದಾರಿ ಕಾಣುತ್ತದೆ. ಆ ದಾರಿ ಒಂದು ಸಂಜೆಯಲ್ಲಿ ಮುಗಿಯುವಂಥದ್ದಲ್ಲ.

ಮರೆವಿಗೆ ಮೊದಲ ಅಳತೆ

ಮರೆವನ್ನು ಮೊದಲ ಬಾರಿಗೆ ಅಂಕಿಗಳಲ್ಲಿ ಹಿಡಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅವರ ಪುಸ್ತಕ ಪ್ರಕಟವಾದದ್ದು 1885ರಲ್ಲಿ. ಅದರಲ್ಲಿರುವ ಪ್ರಯೋಗಗಳಿಗೆಲ್ಲ ಒಳಗಾದ ವ್ಯಕ್ತಿ ಒಬ್ಬರೇ, ಸ್ವತಃ ಎಬಿಂಗ್‌ಹೌಸ್. ಗೊತ್ತಿರುವ ಪದಗಳನ್ನು ಬಳಸಿದರೆ ಹಳೆಯ ನೆನಪುಗಳು ಸಹಾಯಕ್ಕೆ ಬಂದು ಲೆಕ್ಕ ಕೆಡಿಸುತ್ತವೆ. ಆದ್ದರಿಂದ ಅವರು ಒಂದು ವ್ಯಂಜನ, ಒಂದು ಸ್ವರ, ಮತ್ತೊಂದು ವ್ಯಂಜನ ಸೇರಿಸಿ ಅರ್ಥವಿಲ್ಲದ ಸುಮಾರು 2,300 ತುಣುಕುಗಳನ್ನು ಹೊಸೆದರು. ಅಂಥ ತುಣುಕುಗಳ ಸಾಲೊಂದನ್ನು ತಪ್ಪಿಲ್ಲದೆ ಒಪ್ಪಿಸುವ ತನಕ ಓದುವುದು, ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಎಣಿಸುವುದು ಅವರ ಕ್ರಮ.

20 ನಿಮಿಷ ಬಿಟ್ಟು ಕಲಿತಾಗ ಶೇ 58ರಷ್ಟು ಶ್ರಮ ಉಳಿಯಿತು. ಒಂದು ಗಂಟೆಯ ಬಳಿಕ ಅದು ಶೇ 44ಕ್ಕೆ, ಒಂದು ದಿನದ ಬಳಿಕ ಶೇ 34ಕ್ಕೆ ಇಳಿಯಿತು. ಆರು ದಿನಗಳಾದ ಮೇಲೆ ಶೇ 25. 31 ದಿನಗಳಾದ ಮೇಲೂ ಶೇ 21. ನೆನಪು ಮೊದಲ ಗಂಟೆಗಳಲ್ಲಿ ಧಡಧಡನೆ ಇಳಿದು, ಆಮೇಲೆ ಆ ಇಳಿತ ನಿಧಾನವಾಗುತ್ತದೆ ಎಂಬುದನ್ನು ಈ ಅಂಕಿಗಳು ತೋರಿಸಿದವು.

ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ತಿಂಗಳ ನಂತರ ಆ ಸಾಲನ್ನು ಒಪ್ಪಿಸಲು ಎಬಿಂಗ್‌ಹೌಸ್ ಅವರಿಗೆ ಆಗುತ್ತಿರಲಿಲ್ಲ. ಆದರೂ ಮತ್ತೆ ಕಲಿಯುವಾಗ ಐದನೆಯ ಒಂದು ಭಾಗದಷ್ಟು ಕೆಲಸ ಕಡಿಮೆಯಾಗಿತ್ತು. ಪೂರ್ತಿ ಮರೆತೆವು ಎಂದುಕೊಂಡದ್ದರ ಗುರುತು ಒಳಗೆಲ್ಲೋ ಇದ್ದೇ ಇತ್ತು.

ಎರಡು ಸೆಕೆಂಡಿನ ಗುನುಗು

ಹೊಸ ಪದ ಮೊದಲು ಬರುವುದು ಬರಿಯ ಸದ್ದಾಗಿ. ಸದ್ದು ಗಾಳಿಯಲ್ಲಿ ನಿಲ್ಲುವುದಿಲ್ಲ. ಅದನ್ನು ಕ್ರಮ ತಪ್ಪದಂತೆ ಒಂದೆರಡು ಗಳಿಗೆ ಹಿಡಿದಿಟ್ಟುಕೊಂಡರೆ ಮಾತ್ರ ಮುಂದಿನ ಕೆಲಸ ಸಾಧ್ಯ. ಯಾರೋ ಹೇಳಿದ ಫೋನ್ ನಂಬರನ್ನು ಬರೆದುಕೊಳ್ಳುವ ತನಕ ತುಟಿಯೊಳಗೇ ಗುನುಗಿಕೊಳ್ಳುತ್ತೇವಲ್ಲ, ಅದೇ ಶಕ್ತಿ ಇಲ್ಲೂ ದುಡಿಯುತ್ತದೆ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮಂಡಿಸಿದ ನೆನಪಿನ ಮಾದರಿಯಲ್ಲಿ ಇದಕ್ಕೊಂದು ಪ್ರತ್ಯೇಕ ಭಾಗವಿದೆ. ಅದನ್ನು 'ಗುನುಗು ನೆನಪು' ಎಂದು ಕರೆಯೋಣ.

ಈ ನೆನಪಿನ ಅಳತೆಯನ್ನು ಪದಗಳ ಎಣಿಕೆಗಿಂತ ಕಾಲದಲ್ಲಿ ಹೇಳುವುದು ಸರಿ. ಒಬ್ಬರು ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟನ್ನು ಉಚ್ಚರಿಸಬಲ್ಲರೋ ಹೆಚ್ಚುಕಡಿಮೆ ಅಷ್ಟನ್ನು ಕ್ರಮವಾಗಿ ನೆನಪಿನಲ್ಲಿ ಹಿಡಿಯಬಲ್ಲರು ಎಂದು ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಚಿಕ್ಕ ಪದಗಳಾದರೆ ಹೆಚ್ಚು ಹಿಡಿಯುತ್ತವೆ, ಉದ್ದದವಾದರೆ ಕಡಿಮೆ. ವಿಜ್ಞಾನದ ತರಗತಿಯಲ್ಲಿ 'ಕೋಶ' ಎಂದ ಕೂಡಲೇ ಇಡೀ ತರಗತಿ ಅದನ್ನು ತಿರುಗಿಸಿ ಹೇಳುತ್ತದೆ. 'ದ್ಯುತಿಸಂಶ್ಲೇಷಣೆ' ಎಂದಾಗ ಅರ್ಧ ಮಕ್ಕಳ ಬಾಯಲ್ಲಿ ನಡುವಿನ ಅಕ್ಷರಗಳು ಕಲಸಿಹೋಗುತ್ತವೆ. ಅರ್ಥ ಕಠಿಣವೋ ಸುಲಭವೋ ಎಂಬ ಪ್ರಶ್ನೆ ಏಳುವ ಮೊದಲೇ ಸದ್ದಿನ ಹಂತದಲ್ಲಿ ತೊಡಕು ಶುರುವಾಗಿರುತ್ತದೆ.

ಗುನುಗು ನೆನಪು ಕೆಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಸಿದವರು ಇಟಲಿಯ ಒಬ್ಬ ಮಹಿಳೆ. ವೈದ್ಯಕೀಯ ಸಾಹಿತ್ಯದಲ್ಲಿ ಅವರ ಹೆಸರು ಪಿ.ವಿ. ಎಂದಷ್ಟೇ ಇದೆ. ಪಾರ್ಶ್ವವಾಯುವಿನಿಂದ ಅವರ ಮಿದುಳಿನ ಎಡಭಾಗಕ್ಕೆ ಏಟಾಗಿತ್ತು. ಮಾತು ಸರಾಗವಾಗಿತ್ತು, ಬುದ್ಧಿಗೆ ಏನೂ ಆಗಿರಲಿಲ್ಲ. ಆದರೆ ಅಂಕೆಗಳ ಸಾಲನ್ನು ಕೇಳಿಸಿದರೆ ಎರಡಕ್ಕಿಂತ ಹೆಚ್ಚು ಹಿಡಿಯಲಾಗುತ್ತಿರಲಿಲ್ಲ. ಬ್ಯಾಡ್ಲಿ, ಕೊಸ್ತಾಂಜಾ ಪಪಾನ್ಯೊ ಮತ್ತು ಜುಸೆಪ್ಪೆ ವಲ್ಲಾರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರಿಗೆ ಎರಡು ಬಗೆಯ ಕೆಲಸ ಕೊಟ್ಟರು. ಗೊತ್ತಿರುವ ಎರಡು ಇಟಾಲಿಯನ್ ಪದಗಳನ್ನು ಜೋಡಿಯಾಗಿ ನೆನಪಿಡುವುದು ಮೊದಲನೆಯದು. ಅದರಲ್ಲಿ ಅವರು ಬೇರೆಯವರಿಗೆ ಸರಿಸಮ. ಇಟಾಲಿಯನ್ ಪದಕ್ಕೆ ರಷ್ಯನ್ ಪದ ಕಲಿಯುವುದು ಎರಡನೆಯದು. ಎಂಟು ರಷ್ಯನ್ ಪದಗಳನ್ನು ಹತ್ತು ಸುತ್ತು ಕೇಳಿಸಿದಾಗ ಉಳಿದವರು ಎಲ್ಲವನ್ನೂ ಕಲಿತರು. ಪಿ.ವಿ. ಅವರಿಗೆ ಒಂದೂ ದಕ್ಕಲಿಲ್ಲ.

ಹಳೆಯ ಪದಗಳ ನಡುವೆ ಹೊಸ ಸಂಬಂಧ ಕಟ್ಟಲು ಗುನುಗು ನೆನಪು ಬೇಕಿಲ್ಲ, ಹಿಂದೆಂದೂ ಕೇಳದ ಸದ್ದಿನ ಸಾಲನ್ನು ಒಳಗೆ ಬಿಟ್ಟುಕೊಳ್ಳಲು ಅದು ಬೇಕೇ ಬೇಕು. ಇದಷ್ಟು ಪಿ.ವಿ. ಅವರಿಂದ ಸ್ಪಷ್ಟವಾಯಿತು. ಮಕ್ಕಳಲ್ಲೂ ಇದೇ ಕಂಡಿತು. ಸೂಸನ್ ಗ್ಯಾದರ್‌ಕೋಲ್ ಮತ್ತು ಬ್ಯಾಡ್ಲಿ ನಾಲ್ಕು ವರ್ಷದ ಮಕ್ಕಳಿಗೆ ಹುಸಿಪದಗಳನ್ನು ಹೇಳಿ ತಿರುಗಿ ಹೇಳಿಸಿದರು. ಕನ್ನಡದಲ್ಲಿ ಹೇಳುವುದಾದರೆ 'ತಿಮರುಕೆ', 'ಬಡಿಗಸಮು' ಎಂಬಂಥ ಅರ್ಥವಿಲ್ಲದ ಪದಗಳು. ಇದನ್ನು ಚೆನ್ನಾಗಿ ಮಾಡಿದ ಮಕ್ಕಳ ಪದಸಂಪತ್ತು ವರ್ಷದ ಬಳಿಕವೂ ಹೆಚ್ಚಿರುವುದು 1989ರ ಅವರ ಅಧ್ಯಯನದಲ್ಲಿ ಕಂಡುಬಂತು. ಐದು ವರ್ಷ ದಾಟಿದ ಮೇಲೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಆಗ ಮಗುವಿಗೆ ಈಗಾಗಲೇ ಗೊತ್ತಿರುವ ಪದಗಳೇ ಹೊಸ ಸದ್ದನ್ನು ಹಿಡಿಯಲು ನೆರವಾಗತೊಡಗುತ್ತವೆ. ಮಾತು ತಡವಾದ ಮಕ್ಕಳನ್ನು ಪರೀಕ್ಷಿಸುವ ವಾಕ್ ತಜ್ಞರು ಇಂದಿಗೂ ಹುಸಿಪದಗಳನ್ನು ಹೇಳಿಸಿ ನೋಡುವುದಕ್ಕೆ ಹುಸಿಪದಕ್ಕೂ ಪದಸಂಪತ್ತಿಗೂ ಇರುವ ಈ ನಂಟೇ ಕಾರಣ.

ಕ್ರೋಮಿಯಂ ಬಣ್ಣದ ತಟ್ಟೆ

ಸದ್ದು ಸಿಕ್ಕಿತು. ಅರ್ಥ ಅದಕ್ಕೆ ಅಂಟುವುದು ಹೇಗೆ? ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ 1978ರಲ್ಲಿ ವರದಿ ಮಾಡಿದ ಪ್ರಯೋಗ ಶಿಶುವಿಹಾರದಲ್ಲಿ ನಡೆದದ್ದು. ಮೂರು-ನಾಲ್ಕು ವರ್ಷದ ಮಕ್ಕಳ ಮುಂದೆ ಎರಡು ತಟ್ಟೆಗಳಿದ್ದವು, ಒಂದು ನೀಲಿ, ಇನ್ನೊಂದು ಕಂದುಹಸಿರು. ತಿಂಡಿಯ ಹೊತ್ತಿಗೆ ಶಿಕ್ಷಕಿ ಪಾಠದ ಸುಳಿವೇ ಇಲ್ಲದಂತೆ, ಕ್ರೋಮಿಯಂ ತಟ್ಟೆ ತಂದುಕೊಡು, ನೀಲಿಯದಲ್ಲ, ಕ್ರೋಮಿಯಂದು ಎಂದರು. ಆ ಮಕ್ಕಳಿಗೆ ಕ್ರೋಮಿಯಂ ಎಂಬ ಪದವೇ ಗೊತ್ತಿರಲಿಲ್ಲ. ಆದರೂ ಕಂದುಹಸಿರು ತಟ್ಟೆಯನ್ನೇ ತಂದರು. ನೀಲಿ ಅಲ್ಲವೆಂದ ಮೇಲೆ ಉಳಿದದ್ದು ಅದೊಂದೇ. ಒಂದು ವಾರ ಕಳೆದ ಮೇಲೂ, ಅದು ಯಾವುದೋ ಬಣ್ಣದ ಹೆಸರು ಎಂಬಷ್ಟಾದರೂ ಹಲವು ಮಕ್ಕಳಲ್ಲಿ ಉಳಿದಿತ್ತು.

ಈ 'ಥಟ್ ಹೊಂದಿಕೆ' ಸಂಶೋಧಕರನ್ನು ಬೆರಗುಗೊಳಿಸಿತು. ಮಕ್ಕಳು ಒಂದೇ ಸಲಕ್ಕೆ ಪದ ಕಲಿತುಬಿಡುತ್ತಾರೆ ಎಂಬ ಮಾತು ಅಲ್ಲಿಂದ ಹಬ್ಬಿತು. ಅದಕ್ಕೆ ತಡೆ ಹಾಕಿದ್ದು ಜೆಸಿಕಾ ಹಾರ್ಸ್ಟ್ ಮತ್ತು ಲಾರಿಸಾ ಸ್ಯಾಮ್ಯುಯೆಲ್ಸನ್ 2008ರಲ್ಲಿ ಪ್ರಕಟಿಸಿದ ಫಲಿತಾಂಶ. ಅವರು 24 ತಿಂಗಳ ಮಕ್ಕಳ ಮುಂದೆ ಗೊತ್ತಿರುವ ಎರಡು ವಸ್ತುಗಳ ಜೊತೆ ಹೊಸದೊಂದನ್ನು ಇಟ್ಟು, ಹೊಸ ಹೆಸರು ಹೇಳಿ ಕೇಳಿದರು. ಮಕ್ಕಳು ಸರಿಯಾಗಿಯೇ ಹೊಸ ವಸ್ತುವನ್ನು ಎತ್ತಿಕೊಟ್ಟರು. ಐದು ನಿಮಿಷ ಬಿಟ್ಟು ಮತ್ತೆ ಕೇಳಿದಾಗ ಆ ಹೆಸರು ಅವರಲ್ಲಿ ಉಳಿದಿರಲಿಲ್ಲ. ವಸ್ತುವನ್ನು ಕೈಯಲ್ಲಿ ಎತ್ತಿ ತೋರಿಸಿ ಹೆಸರನ್ನು ಹೇಳಿಕೊಟ್ಟಾಗ ಮಾತ್ರ ನೆನಪು ಸುಧಾರಿಸಿತು.

ಆ ಗಳಿಗೆಯಲ್ಲಿ ಅರ್ಥ ಹೊಳೆಯುವುದು ಒಂದು ಕೆಲಸ, ಹೊಳೆದದ್ದು ಉಳಿಯುವುದು ಬೇರೆಯೇ ಕೆಲಸ. "ಈಗ ತಾನೇ ಗೊತ್ತಾಯ್ತು ಅಂದೆಯಲ್ಲ!" ಎಂದು ಮಗುವನ್ನು ಗದರುವ ದೊಡ್ಡವರು ಇವೆರಡನ್ನೂ ಒಂದೇ ಎಂದು ಎಣಿಸಿರುತ್ತಾರೆ. ಮಗು ಸುಳ್ಳು ಹೇಳಿರುವುದಿಲ್ಲ. ಆಗ ಅದಕ್ಕೆ ನಿಜಕ್ಕೂ ಗೊತ್ತಾಗಿತ್ತು.

1953ಕ್ಕೆ ನಿಂತ ಪದಕೋಶ

ಉಳಿಸುವ ಕೆಲಸ ಮಿದುಳಿನ ಯಾವ ಭಾಗದ್ದು ಎಂಬುದು ಒಂದು ದುರಂತದಿಂದ ತಿಳಿಯಿತು. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ರೋಗ ತಗ್ಗಿಸಲೆಂದು ಎರಡೂ ಕಣತಲೆಗಳ ಒಳಬದಿಯ ಮಿದುಳಿನ ಭಾಗಗಳನ್ನು ತೆಗೆದರು. ಹಿಪೊಕ್ಯಾಂಪಸ್ ಎಂಬ ರಚನೆಯ ಬಹುಪಾಲು ಅದರಲ್ಲಿ ಹೋಯಿತು. ಮೂರ್ಛೆ ತಗ್ಗಿತು. ಆದರೆ ಅಂದಿನಿಂದ ಹೊಸ ಘಟನೆಗಳ ನೆನಪು ಅವರಲ್ಲಿ ನಿಲ್ಲಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಸಂಶೋಧಕರಿಗೆ ತಾಳ್ಮೆಯಿಂದ ಸಹಕರಿಸಿದರು. ಸಂಶೋಧನಾ ವರದಿಗಳಲ್ಲಿದ್ದ ಎಚ್.ಎಂ. ಎಂಬ ಎರಡಕ್ಷರದ ಹಿಂದಿನ ಹೆಸರು ಲೋಕಕ್ಕೆ ತಿಳಿದದ್ದು ಅವರ ಸಾವಿನ ನಂತರವೇ.

ಅವರ ಗುನುಗು ನೆನಪು ಸರಿಯಿತ್ತು. ಅಂಕೆಗಳ ಸಾಲನ್ನು ಎಲ್ಲರಂತೆ ತಿರುಗಿ ಹೇಳುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚೆ ಕಲಿತ ಪದಗಳೆಲ್ಲ ಇದ್ದವು. ಆದರೆ ಸೂಸನ್ ಕಾರ್ಕಿನ್ ಮತ್ತು ಸಂಗಡಿಗರು ಹೊಸ ಪದಗಳ ಅರ್ಥ ಕಲಿಸಲು ಪದೇಪದೇ ಯತ್ನಿಸಿದಾಗ ಅದು ಫಲಿಸಲಿಲ್ಲ. 1960ರ ದಶಕದಲ್ಲಿ ಹಿಪ್ಪಿ ಯುವಜನರನ್ನು ಅಮೆರಿಕನ್ನರು 'ಫ್ಲವರ್ ಚೈಲ್ಡ್' ಎಂದು ಕರೆಯುತ್ತಿದ್ದರು. ಅದೇನೆಂದು ಕೇಳಿದರೆ ಮೊಲೈಸನ್ ಹೂ ಬೆಳೆಯುವ ಹುಡುಗ ಎಂಬರ್ಥದ ಉತ್ತರ ಕೊಟ್ಟರು. ಟಿವಿ, ಪತ್ರಿಕೆ, ಸುತ್ತಲಿನ ಮಾತು ಎಲ್ಲದರಲ್ಲೂ ಆ ಪದ ವರ್ಷಗಟ್ಟಲೆ ಸುಳಿದಾಡಿತ್ತು. ಅವರ ಬಳಿ ಮಾತ್ರ ಹಳೆಯ ಪದಗಳಿಂದ ಮಾಡಿದ ಊಹೆಯಷ್ಟೇ ಇತ್ತು.

ಇಲ್ಲೊಂದು ವಿಚಿತ್ರವಿದೆ. ಹಿಪೊಕ್ಯಾಂಪಸ್ ಹೋದ ಮೇಲೂ ಹಳೆಯ ಪದಗಳು ಉಳಿದವೆಂದರೆ ಅವು ಅಲ್ಲಿ ಇರಲಿಲ್ಲ ಎಂದಾಯಿತು. ಹೊಸ ಪದ ಮಾತ್ರ ಅದಿಲ್ಲದೆ ಬರಲೊಲ್ಲದು. ಒಳಬರುವಾಗ ಒಂದು ಕಡೆ, ನೆಲೆಸುವುದು ಇನ್ನೊಂದು ಕಡೆ!

ಕಿರ್ದಿ ಮತ್ತು ಖಾತೆ

ಹಳೆಯ ಕಿರಾಣಿ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ಗಲ್ಲೆಯ ಪಕ್ಕದಲ್ಲಿರುವುದು ಕಿರ್ದಿ. ದಿನವಿಡೀ ನಡೆದ ವ್ಯವಹಾರ ನಡೆದ ಕ್ರಮದಲ್ಲೇ, ಗಡಿಬಿಡಿಯಲ್ಲೇ, ಅದರಲ್ಲಿ ದಾಖಲಾಗುತ್ತದೆ. ಇನ್ನೊಂದು ಖಾತೆ ಪುಸ್ತಕ. ಅದರಲ್ಲಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟ. ಬಾಗಿಲು ಹಾಕಿದ ಮೇಲೆ ಶೆಟ್ಟರು ಕಿರ್ದಿ ತೆರೆದು, ಒಂದೊಂದು ಕಲಮನ್ನೂ ಆಯಾ ಖಾತೆಗೆ ಏರಿಸುತ್ತಾರೆ. ಯಾರ ಬಾಕಿ ಎಷ್ಟು ಎಂಬುದು ಥಟ್ಟನೆ ಸಿಗುವುದು ಖಾತೆಯಲ್ಲಿ. ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಬರೆಯಲು ಬೇಕಾದದ್ದು ಕಿರ್ದಿ.

ಮಿದುಳಿನಲ್ಲೂ ಹೀಗೆ ಎರಡು ವ್ಯವಸ್ಥೆಗಳಿವೆ ಎಂದು ಜೇಮ್ಸ್ ಮೆಕ್ಲೆಲೆಂಡ್, ಬ್ರೂಸ್ ಮೆಕ್‌ನಾಟನ್ ಮತ್ತು ರಾಂಡಲ್ ಒರೈಲಿ 1995ರಲ್ಲಿ ವಾದಿಸಿದರು. ಹಿಪೊಕ್ಯಾಂಪಸ್ ಕಿರ್ದಿಯಂತೆ. ಇಂದು, ಈ ಜಾಗದಲ್ಲಿ, ಇವರ ಬಾಯಲ್ಲಿ, ಈ ಸದ್ದು, ಈ ಅರ್ಥದಲ್ಲಿ ಬಂತು ಎಂಬುದನ್ನೆಲ್ಲ ಒಂದೇ ಏಟಿಗೆ ಕಟ್ಟಿಡುತ್ತದೆ. ಮಿದುಳಿನ ಮೇಲ್ಪದರ ಖಾತೆಯಂತೆ. ಅಲ್ಲಿ ಪದಗಳು ಸದ್ದಿನಿಂದ, ಅರ್ಥದಿಂದ, ಬಳಕೆಯಿಂದ ಪರಸ್ಪರ ಹೆಣೆದುಕೊಂಡಿವೆ. ಅಲ್ಲಿ ಬರವಣಿಗೆ ನಿಧಾನ. ಪದಕಲಿಕೆಗೆ ಈ ವಿಚಾರವನ್ನು ಅನ್ವಯಿಸಿ ವಿಸ್ತರಿಸಿದವರು ಮ್ಯಾಥ್ಯೂ ಡೇವಿಸ್ ಮತ್ತು ಗರೆತ್ ಗ್ಯಾಸ್ಕೆಲ್, 2009ರಲ್ಲಿ.

ನೇರವಾಗಿ ಖಾತೆಗೇ ಬರೆದರೆ ಏನು ಕೆಡುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಂಪ್ಯೂಟರಿನಲ್ಲಿ. ಮೈಕೆಲ್ ಮೆಕ್ಲಾಸ್ಕಿ ಮತ್ತು ನೀಲ್ ಕೋಹೆನ್ 1989ರಲ್ಲಿ ನರಜಾಲದ ಮಾದರಿಯೊಂದಕ್ಕೆ ಮೊದಲು ಒಂದನ್ನು ಕೂಡುವ ಲೆಕ್ಕಗಳನ್ನು ಕಲಿಸಿದರು, ಆಮೇಲೆ ಎರಡನ್ನು ಕೂಡುವ ಲೆಕ್ಕಗಳನ್ನು. ಎರಡನೆಯದನ್ನು ಕಲಿಯುತ್ತಿದ್ದಂತೆ ಮೊದಲನೆಯದು ಅಳಿಸಿಹೋಯಿತು. ಎಲ್ಲವೂ ಒಂದಕ್ಕೊಂದು ಹೆಣೆದಿರುವ ಜಾಲದಲ್ಲಿ ಹೊಸದನ್ನು ಅವಸರದಿಂದ ತುರುಕಿದರೆ ಹಳೆಯದು ಕೆಡುತ್ತದೆ. ಹಳೆಯದರ ನಡುವೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ತಂದರೆ ಎರಡೂ ಉಳಿಯುತ್ತವೆ. ಒಂದು ಹೊಸ ಪದ ಕಲಿತೊಡನೆ ಹತ್ತು ಹಳೆಯ ಪದಗಳನ್ನು ಕಳೆದುಕೊಳ್ಳುವ ಜೀವಿಗೆ ಭಾಷೆಯೇ ಇರುತ್ತಿರಲಿಲ್ಲ. ಆದ್ದರಿಂದ ಬೇಗ ಬರೆಯುವುದಕ್ಕೊಂದು, ನಿಧಾನವಾಗಿ ಹೆಣೆಯುವುದಕ್ಕೊಂದು ವ್ಯವಸ್ಥೆ.

ಒಂದು ವಿಷಯದಲ್ಲಿ ಹೋಲಿಕೆ ಸಡಿಲವಾಗುತ್ತದೆ. ಕಿರ್ದಿ ದುರ್ಬಲವಾದರೂ ಖಾತೆ ಪೂರ್ತಿ ನಿಲ್ಲುವುದಿಲ್ಲ. ಎಳವೆಯಲ್ಲೇ ಹಿಪೊಕ್ಯಾಂಪಸ್‌ಗೆ ಹಾನಿಯಾದ ಮೂವರನ್ನು ಲಂಡನ್ನಿನ ಫರಾನೆ ವರ್ಗಾ ಖದೆಮ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದರು. ಆ ಮೂವರಿಗೆ ಅಂದಂದು ಏನಾಯಿತೆಂಬುದು ನೆನಪಿರುತ್ತಿರಲಿಲ್ಲ. ಆದರೂ ಸಾಮಾನ್ಯ ಶಾಲೆಗಳಿಗೇ ಹೋಗಿ, ಮಾತನ್ನೂ ಲೋಕಜ್ಞಾನವನ್ನೂ ಬಹುಮಟ್ಟಿಗೆ ಗಳಿಸಿಕೊಂಡಿದ್ದರು.

ಬಾಗಿಲು ಹಾಕಿದ ಮೇಲೆ

ಕಿರ್ದಿಯಿಂದ ಖಾತೆಗೆ ಏರಿಸುವ ಹೊತ್ತು ಯಾವುದು? ಮಿದುಳು ಹೊರಗಿನ ವ್ಯವಹಾರ ನಿಲ್ಲಿಸುವ ಹೊತ್ತು, ಅಂದರೆ ನಿದ್ದೆ.

ಇದನ್ನು ಪದಗಳಲ್ಲಿ ತೋರಿಸಲು ಗ್ಯಾಸ್ಕೆಲ್ ಮತ್ತು ನಿಕೊಲಾ ದ್ಯುಮೆ ಜಾಣ ಉಪಾಯ ಮಾಡಿದರು. 'ಕಡ' ಎಂಬ ಸದ್ದು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಕಡಲೆ, ಕಡಲು, ಕಡಬು, ಕಡತ ಎಲ್ಲವೂ ಏಕಕಾಲಕ್ಕೆ ಎದ್ದು ನಿಲ್ಲುತ್ತವೆ. ಮುಂದಿನ ಸದ್ದು ಬಂದಂತೆ ಒಂದೊಂದಾಗಿ ಹಿಂದೆ ಸರಿಯುತ್ತವೆ. ಪೈಪೋಟಿಗೆ ನಿಲ್ಲುವವು ಹೆಚ್ಚಿದಷ್ಟೂ ಪದವನ್ನು ಗುರುತಿಸಲು ಕೂದಲೆಳೆಯಷ್ಟು ತಡವಾಗುತ್ತದೆ. ಈ ತಡವೇ ಅವರ ಅಳತೆಗೋಲು. ಇಂಗ್ಲಿಷಿನ 'ಕೆಥೀಡ್ರಲ್' ಪದಕ್ಕೆ ಹತ್ತಿರವಾಗಿ 'ಕೆಥೀಡ್ರೂಕ್' ಎಂಬ ಹುಸಿಪದ ಕಟ್ಟಿ, ಅಂಥ ಪದಗಳನ್ನು ಜನರಿಗೆ ಕಲಿಸಿದರು. ಹುಸಿಪದ ನಿಜವಾಗಿ ಪದಕೋಶಕ್ಕೆ ಸೇರಿದ್ದರೆ ಕೆಥೀಡ್ರಲ್ ಅನ್ನು ಗುರುತಿಸುವುದು ತುಸು ನಿಧಾನವಾಗಬೇಕು.

2007ರ ಪ್ರಯೋಗದಲ್ಲಿ ಒಂದು ಗುಂಪು ಬೆಳಿಗ್ಗೆ ಎಂಟಕ್ಕೆ ಕಲಿಯಿತು, ಇನ್ನೊಂದು ರಾತ್ರಿ ಎಂಟಕ್ಕೆ. ಕಲಿತ ಕೂಡಲೇ ಪರೀಕ್ಷಿಸಿದರೆ ಎರಡೂ ಗುಂಪಿನವರಿಗೆ ಹೊಸ ಪದಗಳ ಪರಿಚಯವಿತ್ತು, ಆದರೆ ಪೈಪೋಟಿ ಇರಲಿಲ್ಲ. 12 ಗಂಟೆಗಳ ನಂತರ, ನಡುವೆ ಮಲಗಿ ಎದ್ದಿದ್ದ ಗುಂಪಿನಲ್ಲಿ ಪೈಪೋಟಿ ಕಾಣಿಸಿತು. ಇಡೀ ಹಗಲು ಎಚ್ಚರವಿದ್ದ ಗುಂಪಿನಲ್ಲಿ ಕಾಣಿಸಲಿಲ್ಲ. ಆ ಗುಂಪಿನವರೂ ರಾತ್ರಿ ಮಲಗಿ ಎದ್ದ ಮೇಲೆ, 24ನೆಯ ಗಂಟೆಯ ಪರೀಕ್ಷೆಯಲ್ಲಿ, ಅದೇ ಫಲ ತೋರಿಸಿದರು. ಗಾಢನಿದ್ದೆಯಲ್ಲಿ ಹಿಪೊಕ್ಯಾಂಪಸ್ ಹಗಲಿನ ಅನುಭವದ ಜಾಡನ್ನು ಮರಳಿ ಮರಳಿ ಓಡಿಸುತ್ತದೆ, ಮೇಲ್ಪದರ ಅದನ್ನು ಪಡೆದು ತನ್ನ ಹೆಣಿಗೆಯಲ್ಲಿ ಸೇರಿಸಿಕೊಳ್ಳುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಹಗಲಲ್ಲಿ ಏರಿಕೆ ಆಗುವುದೇ ಇಲ್ಲ ಎಂದಲ್ಲ. ಹಳೆಯ ಪದಗಳ ನಡುವೆ ಬೆರೆಸಿ, ಬಿಡುವು ಕೊಟ್ಟು ಕಲಿಸಿದಾಗ ನಿದ್ದೆಗೆ ಮೊದಲೇ ಪೈಪೋಟಿ ಕಂಡ ಪ್ರಯೋಗಗಳೂ ಆಮೇಲೆ ಬಂದವು.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಮಕ್ಕಳು ಕಿರ್ದಿಯನ್ನು ತುಂಬಿಸಿಕೊಂಡು, ಖಾತೆಗೆ ಏರಿಸುವ ಹೊತ್ತನ್ನೇ ಕಳೆದುಕೊಳ್ಳುತ್ತಾರೆ.

ಪುಟ ಮೊದಲೇ ಇದ್ದರೆ

ಇನ್ನು 'ರಿವರ್ಸ್ ಸ್ವಿಂಗ್' ಒಂದೇ ಸಲಕ್ಕೆ ನಿಂತದ್ದರ ಗುಟ್ಟು. ಎಡಿನ್‌ಬರೋದ ರಿಚರ್ಡ್ ಮಾರಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳು ಯಾವ ರುಚಿಗೆ ಯಾವ ಜಾಗದಲ್ಲಿ ಆಹಾರ ಸಿಗುತ್ತದೆಂಬ ಜೋಡಿಗಳನ್ನು ವಾರಗಟ್ಟಲೆ ಕಲಿತವು. ಆ ನಕ್ಷೆ ಗಟ್ಟಿಯಾದ ಮೇಲೆ ಹೊಸ ಜೋಡಿಗಳನ್ನು ಒಂದೇ ಸಲಕ್ಕೆ ಕಲಿತವು. ಇನ್ನೂ ಮುಖ್ಯವಾದದ್ದು, 48 ಗಂಟೆಗಳ ನಂತರ ಹಿಪೊಕ್ಯಾಂಪಸ್‌ಗೆ ಹಾನಿ ಮಾಡಿದರೂ ಆ ಹೊಸ ನೆನಪು ಉಳಿಯಿತು. ಸಾಮಾನ್ಯವಾಗಿ ಬಹುಕಾಲ ಹಿಡಿಯುವ ಏರಿಕೆ ಎರಡೇ ದಿನಗಳಲ್ಲಿ ಮುಗಿದಿತ್ತು.

ಕ್ರಿಕೆಟ್ ಹುಚ್ಚಿನ ಹುಡುಗನ ಮಿದುಳಿನಲ್ಲಿ ವೇಗಿ, ಸೀಮ್, ಹಳೆಯ ಚೆಂಡು, ಔಟ್‌ಸ್ವಿಂಗ್ ಎಲ್ಲವೂ ಮೊದಲೇ ಹೆಣೆದುಕೊಂಡಿವೆ. 'ರಿವರ್ಸ್ ಸ್ವಿಂಗ್' ಎಂಬ ಕಲಮು ಯಾವ ಪುಟಕ್ಕೆ ಹೋಗಬೇಕೆಂಬ ಅನುಮಾನವೇ ಇಲ್ಲ. ಆ ಪದದ ಎರಡು ತುಂಡುಗಳೂ ಅವನಿಗೆ ಪರಿಚಿತವಾದ್ದರಿಂದ ಗುನುಗು ನೆನಪಿಗೂ ಭಾರವಿಲ್ಲ. ಮುಂದಿನ ಪಂದ್ಯದಲ್ಲಿ ಅದು ಮತ್ತೆ ಕೇಳಿಸುತ್ತದೆ, ಗೆಳೆಯರ ವಾದದಲ್ಲಿ ಅವನೇ ಅದನ್ನು ಬಳಸುತ್ತಾನೆ. ಪಟ್ಟಿಯ ಹತ್ತು ಇಂಗ್ಲಿಷ್ ಪದಗಳಿಗೆ ಇವು ಯಾವುವೂ ಇರಲಿಲ್ಲ. ಒಂದಕ್ಕೊಂದು ನಂಟಿಲ್ಲದ, ಯಾವ ಪುಟವೂ ಇಲ್ಲದ ಹತ್ತು ಕಲಮುಗಳು ಅವು. ಅವನು ಪಟ್ಟಿಯನ್ನು ಅಸಡ್ಡೆಯಿಂದ ಕಲಿತ ಎನ್ನುವುದು ಅನ್ಯಾಯ.

ಹುಡುಕಿ ತೆಗೆಯುವ ಶ್ರಮ

ಪುಟವಿಲ್ಲದ ಪದಗಳನ್ನೂ ನಿಲ್ಲಿಸಬಹುದು. ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಡನೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಮುಂದೇನು ಮಾಡಬೇಕು ಎಂಬುದಷ್ಟೇ ಗುಂಪುಗಳ ನಡುವಿನ ವ್ಯತ್ಯಾಸ. ಕೆಲವರು ಅದನ್ನು ಮತ್ತೆ ಮತ್ತೆ ಓದಿದರು, ಆದರೆ ಅದರ ಮೇಲೆ ಪರೀಕ್ಷೆ ಇರಲಿಲ್ಲ. ಕೆಲವರು ಓದುವುದನ್ನು ಬಿಟ್ಟು, ನೆನಪಿನಿಂದ ಹೇಳುವುದನ್ನು ಮುಂದುವರಿಸಿದರು. ವಾರದ ನಂತರ, ನೆನಪಿನಿಂದ ಹೇಳುತ್ತ ಹೋದವರಿಗೆ ಸುಮಾರು ಶೇ 80ರಷ್ಟು ಪದಗಳು ಬಂದವು. ಅದನ್ನು ನಿಲ್ಲಿಸಿದವರಿಗೆ ಶೇ 35ರ ಆಸುಪಾಸು, ಮತ್ತೆ ಮತ್ತೆ ಓದಿದ್ದರೂ ಸಹ. ಎಷ್ಟು ನೆನಪಿರಬಹುದೆಂದು ಮುಂಚೆ ಕೇಳಿದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧದಷ್ಟು ಎಂದಿದ್ದರು. ತಮ್ಮ ಕಲಿಕೆ ಗಟ್ಟಿಯೋ ಸಡಿಲವೋ ಎಂಬುದು ಕಲಿಯುವವರಿಗೇ ಗೋಚರಿಸುವುದಿಲ್ಲ.

ಪುಸ್ತಕ ನೋಡಿಕೊಂಡು ಹತ್ತು ಸಲ ಬರೆಯುವಾಗ ಮಿದುಳು ಪದವನ್ನು ಹುಡುಕುವುದೇ ಇಲ್ಲ, ಅದು ಕಣ್ಣೆದುರಿಗೇ ಇದೆ. ಪುಸ್ತಕ ಮುಚ್ಚಿ ತಡಕಾಡಿ ತೆಗೆದಾಗ, ಆ ಪದಕ್ಕೆ ಹೋಗುವ ದಾರಿ ಸವೆದು ಗಟ್ಟಿಯಾಗುತ್ತದೆ. ಕಾಪಿ ಬರೆಸುವ ಅಭ್ಯಾಸ ಕೈಬರಹಕ್ಕೆ ಒಳ್ಳೆಯದಿರಬಹುದು. ಪದಗಳನ್ನು ನಿಲ್ಲಿಸಲು ಅದು ಬಡ ಉಪಾಯ.

ಹುಡುಕುವ ಶ್ರಮಕ್ಕೆ ಬಿಡುವು ಸೇರಿದರೆ ಫಲ ಇನ್ನೂ ಹೆಚ್ಚು. ಎಬಿಂಗ್‌ಹೌಸ್ ಇದನ್ನೂ ಕಂಡಿದ್ದರು. ಒಂದೇ ದಿನದಲ್ಲಿ 68 ಸಲ ಓದಿದ್ದರ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಓದಿದ್ದಕ್ಕೆ ಸಮನಾಗಿತ್ತು. ಇದನ್ನು ವರ್ಷಗಳ ಅಳತೆಯಲ್ಲಿ ಪರೀಕ್ಷಿಸಿದ್ದು ಒಂದು ಕುಟುಂಬ. ಅಮೆರಿಕದ ಹ್ಯಾರಿ ಬಾರಿಕ್ ಮತ್ತು ಅವರ ಮನೆಯ ಮೂವರು, ತಲಾ 300 ಪರಭಾಷೆಯ ಪದಗಳನ್ನು 14, 28 ಅಥವಾ 56 ದಿನಗಳಿಗೊಮ್ಮೆ ಮರುಕಲಿಕೆ ಮಾಡುತ್ತ ಹೋಗಿ, ಮುಗಿದ ಮೇಲೆ ಐದು ವರ್ಷಗಳವರೆಗೆ ನೆನಪನ್ನು ಅಳೆದರು. 1993ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 56 ದಿನಗಳಿಗೊಮ್ಮೆ 13 ಸಲ ಕೂತದ್ದು, 14 ದಿನಗಳಿಗೊಮ್ಮೆ 26 ಸಲ ಕೂತದ್ದಕ್ಕೆ ಸಾಟಿಯಾಗಿ ನಿಂತಿತು. ಬಿಡುವು ಹೆಚ್ಚಿದಾಗ ಪ್ರತಿ ಬೈಠಕ್ಕೂ ತುಸು ಕಷ್ಟವಾಯಿತು, ಮರೆತದ್ದು ಹೆಚ್ಚೆನಿಸಿತು. ಆ ಕಷ್ಟದಲ್ಲೇ ನೆನಪು ಬಲಿಯಿತು.

ಐವತ್ತು ವರ್ಷಗಳ ನಂತರ

ಹೀಗೆ ನೆಲೆಸಿದ ಪದಕ್ಕೆ ಆಯುಸ್ಸು ಎಷ್ಟು? ಇದೇ ಬಾರಿಕ್ 1984ರಲ್ಲಿ, ಶಾಲೆ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿತಿದ್ದ 733 ಜನರನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಕೆಲವರು ಆ ಭಾಷೆ ಬಿಟ್ಟು 50 ವರ್ಷಗಳಾಗಿದ್ದವು. ಕಲಿಕೆ ನಿಂತ ಮೊದಲ ಮೂರರಿಂದ ಆರು ವರ್ಷಗಳಲ್ಲಿ ಮರೆವು ದೊಡ್ಡ ಪಾಲು ಕಿತ್ತುಕೊಂಡಿತ್ತು. ಆಮೇಲೆ ಉಳಿದದ್ದು ಸುಮಾರು 30 ವರ್ಷ ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು. ಯಾರಲ್ಲಿ ಎಷ್ಟು ನಿಂತಿತೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅವರು ಎಷ್ಟು ಹಂತ ಕಲಿತಿದ್ದರು, ಎಷ್ಟು ಚೆನ್ನಾಗಿ ಕಲಿತಿದ್ದರು ಎಂಬುದು.

ಇದನ್ನೆಲ್ಲ ತರಗತಿಗೆ ತರುವುದು ಹೇಗೆ? ಕರ್ನಾಟಕದ ಶಾಲೆಗಳ ಪಠ್ಯಪುಸ್ತಕಗಳಲ್ಲಿ ಪಾಠದ ಕೊನೆಗೆ ಪದಗಳ ಅರ್ಥ ಇರುತ್ತದೆ. ಪಾಠ ಮುಗಿದರೆ ಆ ಪದಗಳ ಕತೆಯೂ ಸಾಮಾನ್ಯವಾಗಿ ಮುಗಿಯಿತು. ಮೊದಲ ಪಾಠದ ಐದಾರು ಪದಗಳನ್ನು ಮಕ್ಕಳು ಮೊದಲ ದಿನ ಬಾಯಿತುಂಬ ಉಚ್ಚರಿಸಲಿ, ಉದ್ದದವನ್ನು ತುಂಡರಿಸಿ ಹೇಳಲಿ. ಗೊತ್ತಿರುವ ಪದಗಳ ಜೊತೆಗಿಟ್ಟು ವಾಕ್ಯ ಕಟ್ಟಲಿ. ಮರುದಿನ ಪುಸ್ತಕ ಮುಚ್ಚಿ ಅವುಗಳನ್ನು ಹೇಳಲಿ. ಎರಡನೆಯ ಪಾಠ ನಡೆಯುವಾಗ ಒಮ್ಮೆ, ನಾಲ್ಕನೆಯದು ನಡೆಯುವಾಗ ಇನ್ನೊಮ್ಮೆ, ದಸರಾ ರಜೆ ಮುಗಿದು ಬಂದಾಗ ಮತ್ತೊಮ್ಮೆ ಅವೇ ಪದಗಳು ಪ್ರಶ್ನೆಯಾಗಿ ಮರಳಲಿ, ಅಂಕವಿಲ್ಲದೆ, ಗದರಿಕೆಯಿಲ್ಲದೆ. ಪ್ರತಿ ಸಲ ಇದಕ್ಕೆ ಹಿಡಿಯುವುದು ಐದು ನಿಮಿಷ. ಹೊಸ ಪುಸ್ತಕವಾಗಲಿ ಯಂತ್ರವಾಗಲಿ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಹಳೆಯ ಪಾಠಕ್ಕೂ ಒಂದಿಷ್ಟು ಜಾಗ ಬಿಟ್ಟರೆ, ಯಾವ ಸರಕಾರಿ ಶಾಲೆಯ ಶಿಕ್ಷಕರೂ ಈ ವರ್ಷವೇ ಶುರು ಮಾಡಬಹುದು.